ಒಂದೇ ನೀರು

ಆ ಊರಿನವರು ಬೇಸಿಗೆಯ ಕೊನೆಯ ಎರಡು ತಿಂಗಳನ್ನು ಬೇಸಿಗೆ ಎನ್ನುವುದಿಲ್ಲ, ಬೆಂಕಿಗಾಲ ಎನ್ನುತ್ತಾರೆ. ಗುಡ್ಡದ ಹಿಂದಿನ ಕಾಡಿನಲ್ಲಿ ಎಲ್ಲೋ ಒಂದು ಕಡೆ ಬೆಂಕಿ ಬೀಳುತ್ತದೆ, ಹೊಗೆ ಇಳಿದು ಬಂದು ಬೀದಿಯಲ್ಲಿ ಕೂರುತ್ತದೆ. ಈ ಸಲದ್ದು ಹೋದ ಸಲಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ರೇಡಿಯೋದವರು ಎಕರೆಯಲ್ಲಿ ಹೇಳುತ್ತಾರೆ. ಎಕರೆ ಲೆಕ್ಕ ಊರಿನವರ ತಲೆಗೆ ಹತ್ತುವುದಿಲ್ಲ. ಅವರು ನೀಲಿಯಜ್ಜಿಯನ್ನು ಕೇಳುತ್ತಾರೆ: "ಇವತ್ತು ಎಷ್ಟು ನೀರು?"

ನೀಲಿಯಜ್ಜಿ ಎದೆರೋಗದ ಆಸ್ಪತ್ರೆಯ ಹಾಸುಬಟ್ಟೆ ಒಗೆಯುವವಳು. ನಲವತ್ತು ವರ್ಷ ಬಿಳಿ ಬಟ್ಟೆಯನ್ನು ನೀಲಿಗೆ ಅದ್ದಿ ಅದ್ದಿ ಉಗುರಿನ ಸಂದಿಯಲ್ಲಿ ಬಣ್ಣ ಕೂತಿತ್ತು, ಹೆಸರೂ ಹಾಗೇ ಬಂದು ಕೂತಿತ್ತು. ತಂತಿಯ ಮೇಲೆ ಒಣಗಿದ ಬಟ್ಟೆಗೆ ಬೂದಿ ಬಿದ್ದರೆ ಅದನ್ನು ಮತ್ತೆ ತೊಟ್ಟಿಗೆ ಹಾಕಿ ಜಾಲಿಸಬೇಕು. ಎಷ್ಟನೆಯ ನೀರಿಗೆ ತೊಟ್ಟಿ ತಿಳಿಯಾಯಿತೋ ಆ ದಿನ ಅಷ್ಟು ನೀರು. ಬರೀ ಧೂಳಾದರೆ ಒಂದು, ಬೆಂಕಿ ಹತ್ತಿರವಾದರೆ ಮೂರು, ನಾಲ್ಕು. ವರ್ಷಗಳಿಗೂ ಅದೇ ಹೆಸರು. ಕ್ಷೌರದವನ ಮಗಳು ಹುಟ್ಟಿದ್ದು ನಾಲ್ಕು ನೀರಿನ ವರ್ಷ. ಹೋದ ವರ್ಷದ್ದು ಮೂರು ನೀರು. ಮೂವತ್ತೊಂದು ವರ್ಷದ ಹಿಂದಿನ ಆರು ನೀರಿನ ವರ್ಷದ ಮಾತು ಬಂದರೆ ಮಾತ್ರ ಎಲ್ಲರೂ ದನಿ ತಗ್ಗಿಸುತ್ತಾರೆ. ಆ ವರ್ಷ ಕೆಳಗಿನ ಬೀದಿ ಪೂರ್ತಿ ಸುಟ್ಟು ಹೋಗಿತ್ತು.

ಈ ಸಲ ನಾಲ್ಕು ದಿನ ಎರಡು ನೀರಾಯಿತು, ಆಮೇಲೆ ಎರಡು ದಿನ ಮೂರು. ಏಳನೆಯ ದಿನ ಬೆಳಿಗ್ಗೆ ತೊಟ್ಟಿಯಲ್ಲಿ ಬಟ್ಟೆ ಅದ್ದಿದರೆ ಮೊದಲ ನೀರೇ ತಿಳಿ. ಒಂಬತ್ತು ಗಂಟೆಗೆ ಆಸ್ಪತ್ರೆಯ ಕಾಂಪೌಂಡರ್ ಫೋನು ಮಾಡಿದ.

"ಅಜ್ಜಿ, ಎಷ್ಟು?"

"ಒಂದೇ ನೀರಪ್ಪ."

"ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ಮೇಟ್ರನ್ ಮೇಡಂ ಬೆಳಿಗ್ಗೆಯಿಂದ ಬಸ್ ನಿಲ್ಲಿಸ್ಕೊಂಡು ಕೂತಿದಾರೆ, ಹೊರಡೋದೋ ಬೇಡವೋ ಅಂತ."

ಎದುರುಗಡೆಯ ಕ್ಷೌರದವನೂ ಬಾಗಿಲು ತೆರೆದ. "ಹೋದ ವರ್ಷ ಗಿರಾಕಿಗಳ ತಲೇಲಿ ಕೂದಲಿಗಿಂತ ಬೂದಿನೇ ಜಾಸ್ತಿ ಇತ್ತು ಅಜ್ಜಿ. ಈ ವರ್ಷ ಎರಡೂ ಇಲ್ಲ" ಎಂದು ತನ್ನ ಬೋಳುತಲೆ ಸವರಿಕೊಂಡ. ಬೀದಿಯಲ್ಲಿ ನಾಲ್ಕು ಜನ ನಕ್ಕರು. ಆ ವಾರ ಅಲ್ಲಿ ನಗು ಕೇಳಿಸಿದ್ದು ಅದೇ ಮೊದಲು.

ಹನ್ನೊಂದರ ಹೊತ್ತಿಗೆ ನೀಲಿಯಜ್ಜಿ ಎರಡನೆಯ ಸರದಿಯ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದಳು. ಆಕಾಶ ಹಳದಿಗಟ್ಟಿತ್ತು, ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬಹುದಿತ್ತು. ಬೂದಿ ಮಾತ್ರ ಒಂದು ಚೂರೂ ಇಲ್ಲ. ಇಪ್ಪತ್ತೆರಡು ಹಾಸುಬಟ್ಟೆ ಬೆಳ್ಳಗೆ ಹಾರುತ್ತಿದ್ದವು. ಮೊದಲ ಕ್ಲಿಪ್ಪಿಗೆ ಕೈ ಹಾಕಿದವಳು ಅಲ್ಲೇ ನಿಂತಳು.

ಬಟ್ಟೆಗಳು ಗುಡ್ಡದ ಕಡೆಗೆ ಹಾರುತ್ತಿದ್ದವು.

ಬೇಸಿಗೆಯ ಗಾಳಿ ಗುಡ್ಡದಿಂದ ಊರಿಗೆ ಬೀಸುವಂಥದ್ದು. ನಲವತ್ತು ವರ್ಷವೂ ಈ ತಂತಿಯ ಬಟ್ಟೆ ಅವಳ ಮುಖಕ್ಕೆ ಬಡಿದಿದೆ. ಈಗ ಯಾರೋ ಅತ್ತ ಕಡೆ ನಿಂತು ತುದಿ ಹಿಡಿದು ಎಳೆಯುತ್ತಿರುವ ಹಾಗೆ ಎಲ್ಲವೂ ಸೆಟೆದುಕೊಂಡಿದ್ದವು. ಅವಳ ಸೆರಗೂ ಅತ್ತಲೇ ಎಳೆಯುತ್ತಿತ್ತು. ಗುಡ್ಡದ ಹಿಂದೆ ಏನೋ ಒಂದು ದೊಡ್ಡದು ಉಸಿರು ಒಳಗೆ ತೆಗೆದುಕೊಳ್ಳುತ್ತಿತ್ತು.

ಇದನ್ನು ಅವಳು ಒಮ್ಮೆ ನೋಡಿದ್ದಳು. ಆರು ನೀರಿನ ವರ್ಷಕ್ಕೆ ಆ ಹೆಸರು ಬಂದದ್ದು ಅದರ ಅತಿ ಕೆಟ್ಟ ದಿನದಿಂದ. ಕೊನೆಯ ದಿನದ ಲೆಕ್ಕ ಯಾರಿಗೂ ಬೇಕಾಗಲಿಲ್ಲ. ಆ ದಿನ ಒಂದೇ ನೀರು. ಹೊಳೆಯ ದಂಡೆಗೆ ಹೋಗಿ ಕೂತಿದ್ದವರಿಗೆ ಆ ಲೆಕ್ಕ ಹೇಳಿದವಳೂ ಇವಳೇ. ಅದನ್ನು ನಂಬಿ ಕೆಳಗಿನ ಬೀದಿಯ ಮೋಚಿ ಮತ್ತು ಅವನ ಹೆಂಡತಿ ಪಾತ್ರೆ ಪಡಗ ತರಲು ಮನೆಗೆ ವಾಪಸ್ಸು ಹೋದರು. ಮಧ್ಯಾಹ್ನ ಗಾಳಿ ತಿರುಗಿತು. ಬೆಂಕಿ ಹೊರಗೆ ಬಿಟ್ಟ ಉಸಿರು ಕೆಳಗಿನ ಬೀದಿಯ ಮೇಲೆ ಬಿತ್ತು. ಈ ಮಾತನ್ನು ಅವಳು ತನ್ನ ಅಕ್ಕನ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಆಡಿರಲಿಲ್ಲ. ಆ ಅಕ್ಕ ಈಗ ಆಸ್ಪತ್ರೆಯ ಒಂಬತ್ತನೆಯ ಹಾಸಿಗೆಯಲ್ಲಿದ್ದಳು.

ಅವಳು ಕ್ಲಿಪ್ಪು ಬಿಟ್ಟು ಒಳಗೆ ಓಡಿದಳು. ಆ ವಯಸ್ಸಿನಲ್ಲಿ ಓಡುವುದು ಅಂದರೆ ಗೋಡೆ ಹಿಡಿದುಕೊಂಡು ಬೇಗ ಬೇಗ ನಡೆಯುವುದು. ಫೋನು ಎತ್ತಿದ್ದು ಕಾಂಪೌಂಡರನೇ.

"ಎಲ್ಲರನ್ನೂ ಬಸ್ಸಿಗೆ ಹತ್ತಿಸಪ್ಪ. ಗಾಳಿ ಉಲ್ಟಾ ಹೊಡೀತಿದೆ. ಬಟ್ಟೆ ಗುಡ್ಡದ ಕಡೆ ಹೋಗ್ತಿದೆ."

"ಒಳ್ಳೇದೇ ಆಯ್ತಲ್ಲ ಅಜ್ಜಿ, ಹೊಗೆನೂ ಅತ್ತಲೇ ಹೋಗುತ್ತೆ."

"ಹೋಗಲ್ಲ. ಅದು ಎಳ್ಕೊಳ್ತಾ ಇದೆ. ಆಮೇಲೆ ಬಿಡುತ್ತೆ."

"ಬೆಂಕಿ ಇನ್ನೂ ಎರಡು ಗುಡ್ಡ ಆಚೆ ಇದೆ ಅಂತ ಫಾರೆಸ್ಟ್ ಆಫೀಸಿನವರು ಈಗ ತಾನೇ ಹೇಳಿದ್ರು. ಹದಿನಾಲ್ಕು ಜನ ಅಜ್ಜಿ, ಐದು ಜನಕ್ಕೆ ಆಕ್ಸಿಜನ್ ಬೇಕು. ಪಟ್ಟಣಕ್ಕೆ ಹದಿನೆಂಟು ಕಿಲೋಮೀಟರ್, ದಾರಿ ತುಂಬ ಹೊಗೆ. ಇಲ್ಲಿ ಬಾಗಿಲು ಕಿಟಕಿ ಹಾಕ್ಕೊಂಡಾದ್ರೂ ಇದೀವಿ. ಬಟ್ಟೆ ಅತ್ತ ಹಾರ್ತು ಅಂತ ಮೇಡಂಗೆ ಹೇಗೆ ಹೇಳ್ಲಿ? ಒಂದು ನೀರು ಅಂದಿದ್ದು ನೀವೇ. ಅವರು ಬಸ್ ವಾಪಸ್ ಕಳಿಸ್ತಾ ಇದಾರೆ."

ಫೋನಿನ ಆ ಬದಿಯಲ್ಲಿ ಬಸ್ಸು ಶುರುವಾದ ಸದ್ದು ಕೇಳಿಸಿತು. ನೀಲಿಯಜ್ಜಿ ಕಣ್ಣು ಮುಚ್ಚಿಕೊಂಡಳು. ಈ ಲೆಕ್ಕದಲ್ಲಿ ಅವಳು ಒಂದು ದಿನವೂ ಹೆಚ್ಚು ಕಡಿಮೆ ಮಾಡಿದವಳಲ್ಲ.

"ಐದು ನೀರು" ಎಂದಳು. "ಈಗ ನೋಡ್ದೆ. ಐದು."

 ಆ ಬದಿ ಫೋನು ಮೇಜಿನ ಮೇಲೆ ಬಿದ್ದ ಸದ್ದು, ಬಸ್ಸು ನಿಲ್ಲಿಸಿ ಎಂದು ಕೂಗುತ್ತಾ ಓಡಿದ ಹೆಜ್ಜೆಗಳ ಸದ್ದು.

"ಅತ್ತೆ, ಐದು ಎಲ್ಲಿತ್ತು?" ಎಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ.

"ಬೀದಿಯವರಿಗೂ ಅದನ್ನೇ ಹೇಳು. ಮಕ್ಕಳನ್ನ ಕರ್ಕೊಂಡು ಅವರ ಜೊತೆ ಈಗಲೇ ಹೊರಡು. ಹೊಳೆ ಹತ್ತಿರ ನಿಲ್ಬೇಡ, ಪಟ್ಟಣಕ್ಕೇ ಹೋಗು."

ಸೊಸೆ ಅತ್ತೆಯ ಮುಖ ನೋಡಿದಳು, ಎರಡನೆಯ ಪ್ರಶ್ನೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯುದ್ದಕ್ಕೂ ಐದು ನೀರು, ಐದು ನೀರು ಎಂಬ ಮಾತು ಮನೆಯಿಂದ ಮನೆಗೆ ಹೋಯಿತು. ಕ್ಷೌರದವನು ಒಬ್ಬನ ಅರ್ಧ ಗಡ್ಡ ಬಿಟ್ಟು ಅಂಗಡಿಯ ಬಾಗಿಲು ಎಳೆದ. ಸೊಸೆಯೂ ಮಕ್ಕಳೂ ಬೀದಿಯವರ ಜೊತೆ ಸಿಕ್ಕ ಗಾಡಿ ಹತ್ತಿ ಹೊರಟರು.

ನೀಲಿಯಜ್ಜಿ ಹಾಸುಬಟ್ಟೆಗಳನ್ನೆಲ್ಲ ತೊಟ್ಟಿಯಲ್ಲಿ ಮುಳುಗಿಸಿ, ಹಿಂಡದೆ, ಕೈಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ತಳ್ಳಿಕೊಂಡು ಹೋದಳು. ಬಸ್ಸಿನ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿದರೆ ಹೊಗೆ ಕಡಿಮೆ ಬರುತ್ತದೆ. ಅಲ್ಲಿ ದರ್ಜಿ ತಾತನನ್ನು ಕುರ್ಚಿ ಸಮೇತ ಎತ್ತಿ ಬಸ್ಸಿಗೆ ಹತ್ತಿಸುತ್ತಿದ್ದರು. ಮೂಗಿಗೆ ಕೊಳವೆ, ಹಿಂದೆ ಸಿಲಿಂಡರ್ ಹಿಡಿದ ಕಾಂಪೌಂಡರ್. ಅಕ್ಕ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಪುಟ್ಟಿ, ನನ್ನ ಚಪ್ಪಲಿ ಅಲ್ಲೇ ಉಳೀತು."

"ಇರ್ಲಿ ಅಕ್ಕ."

"ಇರ್ಲಿ ಅಂತೀಯ. ನಿನ್ನ ಚಪ್ಪಲಿ ಆಗಿದ್ರೆ ಬಸ್ಸೇ ನಿಲ್ಲಿಸ್ತಿದ್ದೆ."

ಬಸ್ಸು ಹೊರಟಾಗ ಹನ್ನೆರಡೂವರೆ. ಊರು ದಾಟುತ್ತಲೇ ಹೊಗೆ ಎರಡೂ ಕಡೆ ಗೋಡೆಯಂತೆ ನಿಂತಿತು. ಡ್ರೈವರ್ ನಡುಮಧ್ಯಾಹ್ನ ದೀಪ ಹಾಕಿದ. ಆ ದೀಪ ಹೊಗೆಯನ್ನೇ ಬೆಳಗುತ್ತಿತ್ತೇ ಹೊರತು ರಸ್ತೆಯನ್ನಲ್ಲ. ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಹತ್ತಿಕೊಂಡು ಬಸ್ಸಿನ ತುಂಬ ಕೆಮ್ಮು. ದರ್ಜಿ ತಾತನ ತುಟಿ ನೀಲಿಗೆ ತಿರುಗಿತ್ತು. ಐದು ಕಿಲೋಮೀಟರಿಗೇ ಮೊದಲ ಸಿಲಿಂಡರಿನ ಮುಳ್ಳು ಅರ್ಧಕ್ಕೆ ಇಳಿಯಿತು.

ಮೇಟ್ರನ್ ಕಿಟಕಿಯ ಬಟ್ಟೆ ಸರಿಪಡಿಸಲು ಹೋದವಳು ಅದನ್ನು ಕೈಯಲ್ಲೇ ಹಿಡಿದು ನಿಂತಳು. ಅಂಚು, ಹೊಲಿಗೆ ಎಲ್ಲ ತಿರುಗಿಸಿ ನೋಡಿದಳು.

"ಅಜ್ಜಿ, ಇವು ಇವತ್ತಿನ ಬಟ್ಟೇನಾ?"

"ಹೌದು ಮೇಡಂ."

"ಐದು ನೀರಿನ ದಿನ ತಂತಿಯಿಂದ ತೆಗೆದ ಬಟ್ಟೆ ಇಷ್ಟು ಬೆಳ್ಳಗಿರುತ್ತಾ?"

ನೀಲಿಯಜ್ಜಿ ಮಡಿಲಲ್ಲಿದ್ದ ಕೈ ನೋಡಿಕೊಂಡಳು. "ಒಂದೇ ನೀರು" ಎಂದಳು. "ಆದ್ರೆ ಬಟ್ಟೆ ಅತ್ತ ಹಾರ್ತಿತ್ತು. ಅದನ್ನ ಹೇಳಿದ್ರೆ ನೀವು ಹೊರಡ್ತಿರಲಿಲ್ಲ."

ಮೇಟ್ರನ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಹಿಂದೆ ಐದು ಕಿಲೋಮೀಟರ್. ಮುಂದೆ ಹದಿಮೂರು" ಎಂದಳು. "ಇವರಿಗೆ ಅಷ್ಟು ದೂರಕ್ಕೆ ಆಕ್ಸಿಜನ್ ಸಾಲಲ್ಲ. ಡ್ರೈವರ್, ಬಸ್ ತಿರುಗಿಸಿ."

"ಇಲ್ಲಿ ಅಗಲ ಇಲ್ಲ ಮೇಡಂ. ತಿರುವಿನ ಹತ್ತಿರ ನೋಡ್ತೀನಿ."

"ನಾನು ವಾಪಸ್ ಬರಲ್ಲ" ಎಂದಳು ಅಕ್ಕ. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. "ಆ ವರ್ಷ ನಾನೂ ಇದ್ದೆ. ಕೊನೇ ದಿನ ಬಟ್ಟೆ ಹೀಗೇ ಇತ್ತು. ಮೋಚಿ ಮನೆಯವರು ಹೋದದ್ದು ಅದನ್ನ ನಂಬಿ. ನನ್ನ ತಂಗಿ ಮೂವತ್ತು ವರ್ಷ ನಿದ್ದೆಗೆಟ್ಟಿದಾಳೆ. ನೀವು ಅವಳ ಮಾತು ನಂಬದಿದ್ರೆ ಬಿಡಿ. ನಾನಂತೂ ಊರಲ್ಲಿ ಇಳಿಯಲ್ಲ."

"ಅಮ್ಮಾ, ಇದು ನೀವು ಇಳಿಯೋ ಬಿಡೋ ಪ್ರಶ್ನೆ ಅಲ್ಲ. ತಾತನ್ನ ನೋಡಿ."

ತಾತನನ್ನು ಎಲ್ಲರೂ ನೋಡಿದರು. ನೀಲಿಯಜ್ಜಿಯೂ ನೋಡಿದಳು. ಮೋಚಿ ಹೋದದ್ದು ಅವಳು ನಿಜ ಹೇಳಿದ್ದಕ್ಕೆ, ಈ ತಾತ ಹೋದರೆ ಸುಳ್ಳು ಹೇಳಿದ್ದಕ್ಕೆ. ಬೆಂಕಿ ಬಂದುಬಿಡಲಿ, ಈಗಲೇ ಬರಲಿ, ತನ್ನ ಮಾತು ಉಳಿಯಲಿ ಎಂದು ಮನಸ್ಸು ಹೇಳಿತು. ಹಾಗೆ ಹೇಳಿದ್ದೇ ಅವಳ ಮೈ ತಣ್ಣಗಾಯಿತು. ಅವಳ ಮನೆ, ಇಡೀ ಬೀದಿ ಹಿಂದೆ ಇತ್ತು.

ತಿರುವಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ ತೆಗೆಯುತ್ತಿದ್ದ. ಆಗ ಕಿಟಕಿಯ ಬಟ್ಟೆಗಳು ಒಮ್ಮೆಲೇ ಜೋತುಬಿದ್ದವು. ಗಾಳಿ ಇಲ್ಲ. ಎಲ್ಲರ ಕೆಮ್ಮೂ ಒಂದು ಗಳಿಗೆ ನಿಂತಂತೆ ಅನಿಸಿತು. ನಂತರ ಊರಿನ ಕಡೆಯ ಬಟ್ಟೆಗಳು ಮೆಲ್ಲಗೆ ಉಬ್ಬಿ ಒಳಗೆ ಬಂದವು, ಬಿಸಿಯಾಗಿ, ಒಲೆಯ ಬಾಯಿ ತೆರೆದ ಹಾಗೆ. ಒದ್ದೆ ಬಟ್ಟೆಯ ಮೇಲೆ ಏನೋ ಬಂದು ಅಂಟಿ ಚುಂಯ್ ಎಂದಿತು. ಅಂಗೈಯಷ್ಟು ಅಗಲದ ಕಪ್ಪು ಎಲೆ, ಅಂಚು ಇನ್ನೂ ಕೆಂಪಗಿತ್ತು. ಹಿಂದೆಯೇ ಇನ್ನೊಂದು, ಮತ್ತೊಂದು.



"ಮುಂದಕ್ಕೆ ಹೋಗಿ" ಎಂದಳು ಮೇಟ್ರನ್. ಅವಳ ದನಿ ಅವಳದ್ದೇ ಅನ್ನಿಸಲಿಲ್ಲ. "ಎಷ್ಟು ಆಗುತ್ತೋ ಅಷ್ಟು ಜೋರಾಗಿ ಹೋಗಿ."

ಅವಳು ದರ್ಜಿ ತಾತನ ಪಕ್ಕ ಮೊಣಕಾಲೂರಿ ಸಿಲಿಂಡರಿನ ತಿರುಗಣೆಯನ್ನು ಅರ್ಧಕ್ಕೆ ಇಳಿಸಿದಳು. ಹದಿಮೂರು ಕಿಲೋಮೀಟರ್ ಮುಟ್ಟಬೇಕಾದರೆ ಗಾಳಿಯನ್ನು ಹನಿ ಹನಿಯಾಗಿ ಕೊಡಬೇಕು. ಇನ್ನೂ ನಾಲ್ಕು ಜನರನ್ನು ನೋಡಬೇಕಿತ್ತು. ತಿರುಗಿ ನೋಡದೆಯೇ ನೀಲಿಯಜ್ಜಿಯನ್ನು ಕರೆದಳು. ಅವಳ ಕೈ ಹಿಡಿದು ತಾತನ ಎದೆಯ ಮೇಲೆ ಇಟ್ಟಳು, ತನ್ನ ಗಡಿಯಾರ ಬಿಚ್ಚಿ ಮಡಿಲಿಗೆ ಹಾಕಿದಳು.

"ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ ಕೂಗಿ ಹೇಳ್ತಿರಿ. ಮೂವತ್ತೈದು ದಾಟಿದ್ರೆ ಗಾಳಿ ಜಾಸ್ತಿ ಮಾಡ್ತೀನಿ. ಅಜ್ಜಿ, ಇದ್ದದ್ದನ್ನ ಇದ್ದ ಹಾಗೇ ಹೇಳ್ಬೇಕು."

"ಹೇಳ್ತೀನಿ."

ಕೈಯ ಕೆಳಗೆ ತಾತನ ಎದೆಗೂಡು ಹಕ್ಕಿಯ ಎದೆಯಂತೆ ಏಳುತ್ತಾ ಬೀಳುತ್ತಾ ಇತ್ತು. ಕಿಟಕಿಯ ಬಟ್ಟೆಗಳ ಆಚೆ ಬೆಳಕು ಹಳದಿಯಿಂದ ಕಿತ್ತಳೆಗೆ ತಿರುಗುತ್ತಿತ್ತು. ಅವಳು ಅತ್ತ ನೋಡಲಿಲ್ಲ, ಗಡಿಯಾರದ ಮುಳ್ಳನ್ನೇ ನೋಡುತ್ತಾ ಎಣಿಸಿದಳು.

"ಇಪ್ಪತ್ತೊಂಬತ್ತು" ಎಂದಳು.

ಬಸ್ಸು ಯಾವುದೋ ಗುಂಡಿಗೆ ಇಳಿದು ಎದ್ದಿತು. ಅಕ್ಕ ಹಿಂದಿನಿಂದ ಅವಳ ಸೆರಗಿನ ತುದಿ ಹಿಡಿದುಕೊಂಡಳು.

"ಮೂವತ್ತೆರಡು."

ರಸ್ತೆಯ ಕಲ್ಲು ಹನ್ನೊಂದು ಎಂದು ತೋರಿಸಿ ಹೊಗೆಯೊಳಗೆ ಹೋಯಿತು.

"ಮೂವತ್ತನಾಲ್ಕು ಮೇಡಂ."