ಮನೆವಾರ್ತೆಯಾಕೆಯ ಪರವಾಗಿ ವರ್ನಾ

ಅಕ್ಟೋಬರ್ ಬಂತೆಂದರೆ ಆ ಊರಿನ ಗ್ರಂಥಾಲಯದ ಹಿಂದಿನ ಕೋಣೆ ನ್ಯಾಯಾಲಯವಾಗುತ್ತಿತ್ತು. ಉಳಿದ ಹನ್ನೊಂದು ತಿಂಗಳು ಅದೊಂದು ಸಾಧು ಓದುಗರ ಬಳಗ. ಏಳು ಜನ, ಏಳು ಕುರ್ಚಿ, ತಿಂಗಳಿಗೊಂದು ಪುಸ್ತಕ. ಅಕ್ಟೋಬರ್‌ನಲ್ಲಿ ಮಾತ್ರ ಪಾಳು ಮಹಲು, ಬೀಗ ಹಾಕಿದ ಕೋಣೆ, ಬಿಳಿಚಿಕೊಂಡ ಹೆಣ್ಣುಮಕ್ಕಳಿರುವ ಗಾಥಿಕ್ ಕಾದಂಬರಿಯನ್ನೇ ಓದಬೇಕು, ಅದರಲ್ಲಿ ಎಲ್ಲರಿಗಿಂತ ಕೆಟ್ಟವರು ಯಾರೋ ಅವರನ್ನು ಕಟಕಟೆ ಹತ್ತಿಸಬೇಕು ಎಂಬುದು ಬಳಗದ ಕಟ್ಟಳೆ. ಒಬ್ಬರು ಆರೋಪ ಹೊರಿಸುವ ವಕೀಲರು. ಇನ್ನೊಬ್ಬರು ಆರೋಪಿಯ ಪರ ವಾದಿಸುವುದಷ್ಟೇ ಅಲ್ಲ, ಕೇಳಿದ ಪ್ರಶ್ನೆಗಳಿಗೆ ಆರೋಪಿಯೇ ತಾನೆಂಬಂತೆ ಉತ್ತರವನ್ನೂ ಹೇಳಬೇಕು. ಕೊನೆಗೆ ಉಳಿದ ಐವರೂ ಕಾಫಿ ಡಬ್ಬಿಗೆ ಒಂದೊಂದು ಬೀನ್ಸ್ ಕಾಳು ಹಾಕುವುದು. ಕರಿಯದು ಹೆಚ್ಚಾದರೆ ಶಿಕ್ಷೆ, ಬಿಳಿಯದು ಹೆಚ್ಚಾದರೆ ಬಿಡುಗಡೆ.

ಆರೋಪಿಯ ವಕೀಲಿಕೆ ಯಾವಾಗಲೂ ವರ್ನಾ ಡೂಲಿನ್‌ದೇ. ಒಂಬತ್ತು ಅಕ್ಟೋಬರ್‌ಗಳಲ್ಲಿ ಅವಳು ಒಂದು ಸಲವೂ ಸೋತಿರಲಿಲ್ಲ. ಮೂವರು ಹೆಂಡಿರಿಗೆ ವಿಷವಿಟ್ಟ ಧಣಿಯನ್ನು ಬಿಡಿಸಿಕೊಂಡು ಬಂದಿದ್ದಳು, ಹೆಣ ಕದ್ದ ವೈದ್ಯನನ್ನು ಸಂಭಾವಿತನೆಂದು ಒಪ್ಪಿಸಿದ್ದಳು. ವಯಸ್ಸು ಎಪ್ಪತ್ತೈದು, ಬೆನ್ನು ನೆಟ್ಟಗೆ, ಮಾತು ಅದಕ್ಕಿಂತ ನೆಟ್ಟಗೆ. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಹಡ್ಸನ್ ನದಿಯ ಮೇಲಿನ ಗುಡ್ಡದಲ್ಲಿರುವ ಹಾಲ್ಬರ್ಗ್‌ರ ಮನೆಯಲ್ಲಿ ಮೂವತ್ತೊಂದು ವರ್ಷ ಮನೆವಾರ್ತೆ ನೋಡಿಕೊಂಡವಳು. ಇಪ್ಪತ್ತಾರು ಕೋಣೆಗಳ ಬೀಗದ ಕೈಗಳನ್ನು ಕಣ್ಣುಮುಚ್ಚಿಕೊಂಡು ಗುರುತಿಸುತ್ತಿದ್ದವಳಿಗೆ ಎರಡು ಪದವಿ ಪಡೆದವರ ವಾದದಲ್ಲಿ ಎಲ್ಲಿ ತೂತಿದೆ ಎಂದು ಹುಡುಕುವುದು ಯಾವ ಮಹಾ ಕೆಲಸ?

ಈ ಸಲದ ಆರೋಪಿಯಂತೂ ಮನೆವಾರ್ತೆಯಾಕೆಯೇ. ಕಾದಂಬರಿಯ ಹೆಸರು ‘ಕಡಲಂಚಿನ ಗೋಪುರ’. ತಾಯಿ ಗೋಪುರದ ಕೋಣೆಯಲ್ಲಿ ಸಾಯುತ್ತಿದ್ದಾಳೆ. ಮಗಳಿಗೆ ಮಾತ್ರ, ಅಮ್ಮ ದೂರದೂರಿಗೆ ಹವೆ ಬದಲಾಯಿಸಲು ಹೋಗಿದ್ದಾಳೆ ಎಂದು ಹೇಳಿ, ಮಿಸೆಸ್ ಥ್ರೇಲ್ ಎಂಬ ಮನೆವಾರ್ತೆಯಾಕೆ ಬಾಗಿಲಿಗೆ ಬೀಗ ಜಡಿದಿದ್ದಾಳೆ. ಹುಡುಗಿ ಅದನ್ನು ನಂಬದೆ ಬಾಗಿಲು ಬಡಿಯುತ್ತಲೇ ಇರುತ್ತಾಳೆ. ವರ್ನಾ ಅದನ್ನು ಎರಡು ಸಲ ಓದಿ, ಇದು ಸುಲಿದ ಬಾಳೆಹಣ್ಣು ಎಂದುಕೊಂಡಿದ್ದಳು.

ಕಿರಿಕಿರಿಯಾದದ್ದು ಚೀಟಿ ಎತ್ತಿದಾಗ. ಆರೋಪ ಹೊರಿಸುವ ಕೆಲಸ ಪಿಪ್ಪಾ ಹಾಲ್ಬರ್ಗ್‌ಗೆ ಬಿತ್ತು. ಪಿಪ್ಪಾ ಅದೇ ಗುಡ್ಡದ ಮನೆಯ ಮಗಳು, ಈಗ ಐವತ್ನಾಲ್ಕರ ಕುದುರೆ ಡಾಕ್ಟರು. ಬೇಸಿಗೆಯಲ್ಲಿ ಊರಿಗೆ ಮರಳಿ, ಹೋದ ತಿಂಗಳಷ್ಟೇ ಬಳಗ ಸೇರಿದ್ದಳು. ಅವಳಿಗೆ ಹನ್ನೊಂದಾಗಿದ್ದಾಗ ಅವಳ ತಾಯಿ ಮೂರನೇ ಮಹಡಿಯಲ್ಲಿ ಹಾಸಿಗೆ ಹಿಡಿದಿದ್ದಳು. ಈಸ್ಟರ್ ರಜೆಗೆ ದೂರದ ವಸತಿ ಶಾಲೆಯಿಂದ ಬಂದ ಹುಡುಗಿ ದಿನವೂ ಬಾಗಿಲು ಬಡಿದಳು. ಬಾಗಿಲು ತೆರೆಯಲಿಲ್ಲ. ಮೇ ತಿಂಗಳಲ್ಲಿ ತಾಯಿ ತೀರಿಕೊಂಡಳು. ಆ ಕೋಣೆಗೆ ಊಟದ ತಟ್ಟೆ ಒಯ್ಯುತ್ತಿದ್ದವಳು ವರ್ನಾ. ನಲವತ್ತಮೂರು ವರ್ಷದಲ್ಲಿ ಪಿಪ್ಪಾ ಅದರ ಬಗ್ಗೆ ಕೇಳಿರಲಿಲ್ಲ, ವರ್ನಾ ಹೇಳಿರಲಿಲ್ಲ. ಬಳಗದಲ್ಲಿ ಎದುರುಬದುರಾದಾಗ ಇಬ್ಬರೂ ಹವಾಮಾನದ ಮಾತಾಡಿ ಮುಗಿಸುತ್ತಿದ್ದರು. ಕೇಳಿದರೆ ಏನು ಹೇಳುವುದು ಎಂಬ ಭಯ ವರ್ನಾಳಿಗೆ ಇತ್ತು. ಅವಳಿಗಿದ್ದ ಭಯ ಅದೊಂದೇ.

ಶನಿವಾರ ಮಧ್ಯಾಹ್ನ ಎರಡಕ್ಕೆ ಕಲಾಪ ಶುರುವಾಯಿತು. ನ್ಯಾಯಾಧೀಶ ಡ್ವೈಟ್, ನಿವೃತ್ತ ಅಂಚೆಯವನು, ಚರ್ಚಿನ ಹಾಡುಗಾರರ ಕರಿ ನಿಲುವಂಗಿ ತೊಟ್ಟು ಲಟ್ಟಣಿಗೆಯಿಂದ ಮೇಜು ಕುಟ್ಟಿದ. ಪಕ್ಕದಲ್ಲಿ ರೋಸಾಲ್ಬಾ, ದಂತವೈದ್ಯರ ಬಳಿ ಮೂವತ್ತು ವರ್ಷ ಪರರ ಹಲ್ಲು ಉಜ್ಜಿ ನಿವೃತ್ತಳಾದವಳು, ಸೇಬಿನ ಡೋನಟ್‌ಗಳ ಪೆಟ್ಟಿಗೆ ಬಿಚ್ಚಿದಳು.

“ನನ್ನ ಪರವಾಗಿ ಲಂಚ ಕೊಡ್ತಿದ್ದೀಯೇನೇ?” ಎಂದಳು ವರ್ನಾ.

“ನಿನಗ್ಯಾಕೆ ಲಂಚ? ನೀನು ಬಾಯಿ ತೆಗೆದ್ರೆ ನಾವೆಲ್ಲ ಬಿಳಿ ಕಾಳು ಹುಡುಕ್ತೀವಿ.”

ವರ್ನಾ ಎದ್ದು ನಿಂತಳು. “ನೋಡ್ರಪ್ಪಾ, ಈ ಥರದ ಕಾದಂಬರಿ ಬರೆಯೋರಲ್ಲಿ ಒಬ್ಬರಾದ್ರೂ ಆ ಮಹಲಿನ ಕಸ ಗುಡಿಸಿದಾರಾ? ಮಿಸೆಸ್ ಥ್ರೇಲ್ ಸದ್ದಿಲ್ಲದೆ ಓಡಾಡ್ತಾಳಂತೆ, ಅದಕ್ಕೇ ಕೆಟ್ಟವಳಂತೆ. ಧಡಧಡ ನಡೆದ್ರೆ ಮಾರನೇ ದಿನ ಕೆಲಸದಿಂದ ಕಿತ್ತಾಕ್ತಾರೆ ಕಣ್ರೀ! ನಗೋದಿಲ್ವಂತೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಒಂಬತ್ತು ಒಲೆ ಹಚ್ಚಿ ನೋಡಿ, ಆಮೇಲೆ ನಗಿ. ಇನ್ನು ಆ ಬೀಗದ ಕೈ. ಗೊಂಚಲು ಸೊಂಟದಲ್ಲಿದ್ದ ಮಾತ್ರಕ್ಕೆ ಮನೆ ನಮ್ಮದಾಗಿಬಿಡುತ್ತಾ? ಬೀಗ ಹಾಕು ಅಂತ ಅವರು ಹೇಳ್ತಾರೆ, ನಾವು ಹಾಕ್ತೀವಿ. ಬೈಗುಳ ಮಾತ್ರ ನಮಗೆ.”

ಕೋಣೆಯೆಲ್ಲ ನಕ್ಕಿತು. ರೋಸಾಲ್ಬಾ ಆಗಲೇ ಬಿಳಿ ಕಾಳೊಂದನ್ನು ಬೆರಳಲ್ಲಿ ಉರುಳಿಸುತ್ತಿದ್ದಳು. ಗೆದ್ದಾಯಿತು ಎಂದು ವರ್ನಾ ಕುರ್ಚಿಗೆ ಒರಗಿದಳು.

ಪಿಪ್ಪಾ ನಿಧಾನವಾಗಿ ಕನ್ನಡಕ ಹಾಕಿಕೊಂಡಳು. “ಚೆನ್ನಾಗಿ ಮಾತಾಡ್ತೀರಿ ಮಿಸೆಸ್ ಥ್ರೇಲ್. ಹುಡುಗಿ ಬಾಗಿಲು ಬಡಿದದ್ದು ನಿಮಗೆ ಕೇಳಿಸ್ತಿತ್ತಲ್ವಾ?”

“ಕೇಳಿಸ್ತಿತ್ತು. ಕಿವುಡಿಯಲ್ಲ ನಾನು.”

“ಆದ್ರೂ ತೆರೀಲಿಲ್ಲ.”

“ಆಜ್ಞೆ ಇತ್ತು.”

“ಯಾರದು?”

“ಅಮ್ಮಾವ್ರದೇ,” ಎಂದಳು ವರ್ನಾ, ಒಂದು ಚೂರೂ ತಡವರಿಸದೆ. “ಕೂದಲೆಲ್ಲ ಉದುರಿಹೋಗಿತ್ತು. ಆ ಸ್ಥಿತೀಲಿ ಮಗಳು ತನ್ನನ್ನ ನೋಡಬಾರದು, ನೆನಪಲ್ಲಿ ಮೊದಲಿನ ಮುಖಾನೇ ಇರಲಿ ಅಂತ ನನ್ನ ಹತ್ರ ಆಣೆ ಹಾಕಿಸಿಕೊಂಡ್ರು.”

ಯಾರೋ ಪುಟ ಮಗುಚಿದರು. ರೋಸಾಲ್ಬಾ ಪಿಸುದನಿಯಲ್ಲಿ, “ವರ್ನಾ, ಪುಸ್ತಕದಲ್ಲಿ ಬೀಗ ಹಾಕಿಸೋನು ಗಂಡ ಕಣೇ. ಕೂದಲಿನ ವಿಷಯ ಎಲ್ಲೂ ಇಲ್ಲ,” ಎಂದಳು.

ವರ್ನಾ ಮೇಜಿನ ಮೇಲಿದ್ದ ಕಾದಂಬರಿಯತ್ತ ನೋಡಿದಳು. ಎರಡು ಸಲ ಓದಿದ ಪುಸ್ತಕ. ಒಂಬತ್ತು ವರ್ಷ ಒಂದು ಪುಟವನ್ನೂ ತಪ್ಪು ಹೇಳಿದವಳಲ್ಲ. ಈಗ ಬೇರೊಂದು ಮನೆಯ ಕಥೆ ತಾನಾಗಿ ಬಾಯಿಗೆ ಬಂದು ಕೂತಿತ್ತು.

ಪಿಪ್ಪಾ ಕನ್ನಡಕ ತೆಗೆದಳು. ಅವಳ ಮುಖದ ಬಣ್ಣವೇ ಇಳಿದಿತ್ತು, ದನಿ ಮಾತ್ರ ಇಳಿದಿರಲಿಲ್ಲ. “ಇನ್ನೊಂದೇ ಪ್ರಶ್ನೆ. ಆಣೆ ಹಾಕಿಸಿಕೊಂಡ ಮೇಲೆ ಅವರು ಒಂದೇ ಒಂದು ಸಲವೂ ಮಗಳನ್ನ ಕೇಳಲಿಲ್ವಾ?”

ಡ್ವೈಟ್ ಲಟ್ಟಣಿಗೆ ಎತ್ತಿ, ಕುಟ್ಟದೆ ಹಿಡಿದುಕೊಂಡ. ಊರಿನ ಪ್ರತಿ ಮನೆಗೂ ನಲವತ್ತು ವರ್ಷ ಕಾಗದ ಹಂಚಿದವನು. ಗುಡ್ಡದ ಮನೆಗೆ ಸಂತಾಪದ ಕಪ್ಪಂಚಿನ ಲಕೋಟೆಗಳು ಬಂದ ಆ ಮೇ ತಿಂಗಳು ಅವನಿಗೆ ನೆನಪಿತ್ತು. “ಪುಸ್ತಕದಲ್ಲಿಲ್ಲದ ಪ್ರಶ್ನೆ. ತಳ್ಳಿಹಾಕ್ಲಾ ವರ್ನಾ?” ಎಂದು ಮೆತ್ತಗೆ ಕೇಳಿದ.

ತಳ್ಳಿಹಾಕಿ ಎಂದಿದ್ದರೆ ಸಾಕಿತ್ತು. ವಯಸ್ಸಾಯ್ತು, ಎರಡು ಪುಸ್ತಕ ಕಲಸಿಕೊಂಡೆ ಎಂದು ನಕ್ಕಿದ್ದರೆ ಎಲ್ಲರೂ ನಂಬುತ್ತಿದ್ದರು. ಬಿಳಿ ಕಾಳುಗಳು ಬೀಳುತ್ತಿದ್ದವು. ಆದರೆ ವರ್ನಾ ತನ್ನ ಆಯುಷ್ಯದಲ್ಲಿ ಅರೆಬರೆ ಗುಡಿಸಿ ಕಸವನ್ನು ಜಮಖಾನದಡಿ ತಳ್ಳಿದವಳಲ್ಲ, ಒಂದು ಸಲ ಬಿಟ್ಟು. ಆ ಒಂದು ಸಲದ ಬಗ್ಗೆಯೇ ಈಗ ಪಿಪ್ಪಾ ಕೇಳುತ್ತಿದ್ದಳು.

“ಬೇಡ ಡ್ವೈಟ್. ಉತ್ತರ ನನ್ನ ಹತ್ರ ಇದೆ.” ಅವಳು ಎದ್ದು ನಿಂತಳು, ಬೆನ್ನು ನೆಟ್ಟಗೇ ಇತ್ತು. “ಕೇಳಿದ್ರು, ಪಿಪ್ಪಾ. ಈಸ್ಟರ್‌ನ ಹಿಂದಿನ ದಿನ, ಶನಿವಾರ. ನೀನು ಬಾಗಿಲು ಬಡೀತಿದ್ದೆ. ‘ಹೊರಗೆ ಪಿಪ್ಪಾ ಅಲ್ವಾ? ಒಳಗೆ ಕರಿ, ವರ್ನಾ. ನನ್ನ ಮುಖ ಹೇಗಿದ್ರೂ ಇರಲಿ, ನನಗೆ ಅವಳನ್ನ ನೋಡಬೇಕು’ ಅಂದ್ರು.”

“ಆಮೇಲೆ?”

“ನಾನು ತೆರೀಲಿಲ್ಲ. ಅವತ್ತು ಬೆಳಗ್ಗೆಯಿಂದ ನೋವಲ್ಲಿ ಕಿರುಚಿದ್ರು, ಹಾಸಿಗೆ ತುಂಬ ರಕ್ತ. ಮಗು ಇದನ್ನ ನೋಡಬಾರದು ಅಂತ ನನಗೆ ನಾನೇ ತೀರ್ಮಾನ ಮಾಡಿದೆ. ‘ಅವಳು ನದಿ ಕಡೆ ಓಡಿಹೋದಳು ಅಮ್ಮಾವ್ರೇ, ನಾಳೆ ಕರೀತೀನಿ’ ಅಂತ ಸುಳ್ಳು ಹೇಳಿದೆ. ಮಾರನೇ ದಿನ ಇನ್ನೂ ಕೆಟ್ಟದಾಗಿತ್ತು. ಸೋಮವಾರ ನಿನ್ನನ್ನ ಶಾಲೆಗೆ ಕಳಿಸಿಬಿಟ್ರು. ಅವತ್ತು ಯಾರ ಆಜ್ಞೇನೂ ಇರಲಿಲ್ಲ. ಬೀಗದ ಕೈ ನನ್ನ ಜೇಬಲ್ಲಿತ್ತು. ಈಗ ಹೇಳಿದ್ನಲ್ಲ, ಅವರು ಹೇಳ್ತಾರೆ ನಾವು ಹಾಕ್ತೀವಿ ಅಂತ, ಅದು ಅವತ್ತಿನ ಮಟ್ಟಿಗೆ ಸುಳ್ಳು. ತಪ್ಪು ನನ್ನದು. ಅದನ್ನ ಹೇಳೋಕೆ ಇಷ್ಟು ವರ್ಷ ಹೆದರಿದ್ದು ಅದಕ್ಕಿಂತ ದೊಡ್ಡ ತಪ್ಪು.”

ಹೇಳಿ ಮುಗಿಸಿ ಅವಳು ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ಓಡಿಹೋಗಬೇಕೆನಿಸಲಿಲ್ಲ. ಏನು ಬಂದರೂ ನಿಂತೇ ಕೇಳುವುದು ಎಂದು ಗಟ್ಟಿ ಮಾಡಿಕೊಂಡಿದ್ದಳು.

ಪಿಪ್ಪಾ ತನ್ನ ಕುರ್ಚಿಯಿಂದ ಎದ್ದು ಮೇಜು ಬಳಸಿ ಬಂದು, ವರ್ನಾಳ ಎದುರು ಒಂದು ಮೊಳ ದೂರದಲ್ಲಿ ನಿಂತಳು.

“ಅಮ್ಮನಿಗೆ ನಾನು ಬೇಡವಾಗಿದ್ದೆ ಅಂತ ಅಂದ್ಕೊಂಡಿದ್ದೆ,” ಎಂದಳು. “ಇಷ್ಟೂ ವರ್ಷ. ಮದುವೆಯಾದೆ, ಗಂಡನ್ನ ಬಿಟ್ಟೆ, ಇಬ್ಬರು ಮಕ್ಕಳನ್ನ ಸಾಕಿದೆ, ಅಷ್ಟೂ ಹೊತ್ತು ತಲೇಲಿ ಅದೊಂದೇ. ನನ್ನ ಸದ್ದು ಕೇಳಿಸ್ಕೊಂಡೂ ಅವಳು ಸುಮ್ಮನಿದ್ಲು ಅಂತ.”

“ಇಲ್ಲ ಮಗಾ. ಸುಮ್ಮನಿರಲಿಲ್ಲ.”

“ನಿಮ್ಮ ಮೇಲೆ ಸಿಟ್ಟು ಬರುತ್ತೆ ವರ್ನಾ. ನಾಳೆಯೋ ನಾಡಿದ್ದೋ, ಬಂದೇ ಬರುತ್ತೆ. ಬಂದಾಗ ನಿಮ್ಮ ಮನೆ ಬಾಗಿಲಿಗೇ ಬಂದು ಕೂಗಾಡ್ತೀನಿ.”

“ಬಾ. ತೆಗೀತೀನಿ.”

ಪಿಪ್ಪಾ ಅಂಗಿಯ ತೋಳಿಂದ ಕಣ್ಣೊರೆಸಿಕೊಂಡಳು. “ಅದಿರಲಿ. ಅಮ್ಮ ಏನಂದಳು, ಇನ್ನೊಂದ್ಸಲ ಹೇಳಿ. ಹೇಗೆ ಅಂದಳೋ ಹಾಗೇ.”

ವರ್ನಾ ಒಂದು ಮಾತನ್ನೂ ಬದಲಿಸದೆ ಹೇಳಿದಳು. ಪಿಪ್ಪಾ ಮತ್ತೊಮ್ಮೆ ಕೇಳಿದಳು, ವರ್ನಾ ಮತ್ತೊಮ್ಮೆ ಹೇಳಿದಳು.