ಕಂಬಿಯ ಮೇಲಿನ ಕೈ

“ಕೈ ತೆಗಿಯೇ ಮುಂಡೆ. ಅದ್ರ ಮೇಲೆ ಕೈ ಇಡಬೇಡ ಅಂತ ಎಷ್ಟು ಸಲ ಬೊಗಳಲಿ?”

ಬೈದವನು ನಮ್ಮ ಮೇಸ್ತ್ರಿ, ಬೈಸಿಕೊಂಡವಳು ನಾನು. ಅವನು ನಕ್ಕಿದ್ದನ್ನು ಕಂಡವರಿಲ್ಲ, ಹಾಗಾಗಿ ಅವನ ಹೆಸರು ಗಂಟುಮೋರೆ. ಎದುರಿಗೆ ಮಾತ್ರ ಅಣ್ಣ. ನನ್ನ ಮುಂದೆ ಇಸ್ತ್ರಿಯ ರೋಲರ್ ಗಕ್ಕನೆ ನಿಂತಿತ್ತು. ಒಂದು ಬೆಡ್‌ಶೀಟು ಅರ್ಧ ಒಳಗೆ, ಅರ್ಧ ನನ್ನ ಮತ್ತು ಮಗಳ ಕೈಯಲ್ಲಿ. ಕೈ ತೆಗೆದು ಮತ್ತೆ ಶುರು ಮಾಡುವಷ್ಟರಲ್ಲಿ ಒಳಗಿದ್ದ ಕಡೆ ಹಳದಿಯಾಗಿ ಕಮಟು ವಾಸನೆ ಬಂತು. ಅದಕ್ಕೂ ಬೈದ.

ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ಆಸ್ಪತ್ರೆ, ಹೋಟೆಲುಗಳ ಶೀಟುಗಳು ಲಾರಿಯಲ್ಲಿ ಬಂದು ಬೀಳುತ್ತವೆ. ಕೆಳಗೆ ಗಂಡಸರು ಒಗೆದು ಹಿಂಡುತ್ತಾರೆ, ಮಹಡಿಯಲ್ಲಿ ನಾವು ಹೆಂಗಸರು ಇಸ್ತ್ರಿ ಮಾಡುತ್ತೇವೆ. ರೋಲರ್ ಎಂದರೆ ಕಾದ ಉಕ್ಕಿನ ಉರುಳೆ. ಇಬ್ಬರು ಶೀಟಿನ ಎರಡು ಮೂಲೆ ಹಿಡಿದು ಅದರ ಬಾಯಿಗೆ ಕೊಡಬೇಕು, ಅದು ಎಳೆದುಕೊಳ್ಳುತ್ತದೆ, ಆ ಕಡೆ ಇನ್ನಿಬ್ಬರು ಮಡಿಸುತ್ತಾರೆ. ಬಾಯಿಯ ಮುಂದೆ ಉದ್ದಕ್ಕೂ ಒಂದು ಕಬ್ಬಿಣದ ಕಂಬಿ ಇದೆ. ಅದನ್ನು ಕೆಳಗೆ ಒತ್ತಿದರೆ ಮಷೀನು ನಿಲ್ಲಬೇಕು. ಕೈ ಒಳಗೆ ಹೋಗುವ ಮೊದಲು ಕಂಬಿಗೆ ತಾಗಲಿ, ಕೈ ಉಳಿಯಲಿ ಎಂದು ಯಾವ ಪುಣ್ಯಾತ್ಮ ಮಾಡಿದನೋ.

ಆದರೆ ಮಷೀನು ನಿಂತರೆ ಕೆಲಸ ಹಿಂದೆ ಬೀಳುತ್ತದಲ್ಲ? ಅದಕ್ಕೇ ಗಂಟುಮೋರೆ ಹಳೇ ಶೀಟು ಹರಿದು ಪಟ್ಟಿ ಮಾಡಿ, ಕಂಬಿ ಕೆಳಗಿಳಿಯದ ಹಾಗೆ ಮೇಲಿನ ಕೊಕ್ಕೆಗೆ ಬಿಗಿದು ಕಟ್ಟಿದ್ದ. ನಾನು ಸೇರಿದಾಗಿನಿಂದ ಅದು ಹಾಗೇ ಇತ್ತು. ಕಟ್ಟಿದ ಕಂಬಿಯಿಂದ ನಮಗಿದ್ದದ್ದು ಒಂದೇ ಉಪಯೋಗ. ನಿಂತು ನಿಂತು ಸೊಂಟ ಬಿದ್ದುಹೋದಾಗ ಅದರ ಮೇಲೆ ಮುಂಗೈ ಊರುತ್ತಿದ್ದೆವು. ನೆಲ ಬಿಟ್ಟರೆ ಆ ಕೋಣೆಯಲ್ಲಿ ನಮ್ಮ ಭಾರ ಹೊರುತ್ತಿದ್ದದ್ದು ಅದೊಂದೇ.

ಈಗ ಹೊಸ ಕಾನೂನು ಬಂದಿದೆಯಂತೆ. ಕೆಲಸಕ್ಕೆ ಇಟ್ಟುಕೊಂಡವರೆಲ್ಲರಿಗೂ ನೇಮಕದ ಕಾಗದ ಕೊಡಬೇಕಂತೆ, ಮಷೀನಿಗೆ ರಕ್ಷಣೆ ಇರಬೇಕಂತೆ, ಪೆಟ್ಟಾದರೆ ಸರ್ಕಾರಕ್ಕೆ ತಿಳಿಸಬೇಕಂತೆ, ಕೆಲಸದವರೂ ಸೇರಿದ ಒಂದು ಸುರಕ್ಷತಾ ಸಮಿತಿ ಬೇರೆ. ನಾಳೆ ಸರ್ಕಾರದವರು ತಪಾಸಣೆಗೆ ಬರುತ್ತಾರೆಂದು ಧಣಿ ಒಬ್ಬ ಕಾನೂನು ಸಾಹೇಬನನ್ನು ಕರೆಸಿದ್ದರು. ಆತ ನಮ್ಮನ್ನು ಸಾಲಾಗಿ ನಿಲ್ಲಿಸಿ ಮಗ್ಗಿ ಹೇಳಿಸಿದ ಹಾಗೆ ಉತ್ತರ ಹೇಳಿಸಿದ. ಕೈಗವಸು ಹಂಚಿದ. ನನ್ನ ಮೇಲಂಗಿಗೆ ‘ಸಮಿತಿ ಸದಸ್ಯೆ’ ಎಂಬ ಬಿಲ್ಲೆ ಚುಚ್ಚಿದ. ಆ ಕಡೆ ಮಡಿಸುವವಳೊಬ್ಬಳಿದ್ದಾಳೆ, ಬಾಯಿ ಜೋರು, ಪಟಾಕಿ ಅಂತಲೇ ಕರೆಯುತ್ತೇವೆ. ಅವಳು ಸಮಿತಿ ಎಲ್ಲಿ ಕೂರುತ್ತೆ ಸಾರ್ ಎಂದು ಕೇಳಿದಳು. ಕಾಗದದಲ್ಲಿ ಕೂರುತ್ತಮ್ಮ ಎಂದ. ಹಾಗಾದರೆ ಟೀನೂ ಕಾಗದದಲ್ಲೇ ಕುಡಿಯೋಣ ಎಂದಳು. ನಾವೆಲ್ಲ ನೆಲ ನೋಡಿಕೊಂಡು ನಕ್ಕೆವು.

ಆಮೇಲೆ ಕಂಬಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದರು. ಅಲ್ಲಿಂದ ಶುರುವಾಯಿತು ಪಜೀತಿ. ಕಂಬಿಗೆ ಜೀವ ಬಂದಿತ್ತು, ನಮ್ಮ ಕೈಗಳಿಗೆ ಗೊತ್ತಿರಲಿಲ್ಲ. ಊರಿದಾಗಲೆಲ್ಲ ರೋಲರ್ ನಿಲ್ಲುತ್ತಿತ್ತು, ನಿಂತಾಗಲೆಲ್ಲ ಗಂಟುಮೋರೆ ನಮ್ಮ ಅಪ್ಪ ಅಮ್ಮಂದಿರನ್ನೆಲ್ಲ ಎಳೆದು ತರುತ್ತಿದ್ದ.

ಬೈಗುಳಕ್ಕೆ ನಾನು ಹೆದರುವವಳಲ್ಲ. ನನ್ನ ಹೆದರಿಕೆ ಬೇರೆ. ಮಗಳು ನಿಲ್ಲುವ ಜಾಗದಲ್ಲಿ ಮೊದಲು ನನ್ನ ನಾದಿನಿ ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಶೀಟು ಸುಕ್ಕಾಯಿತೆಂದು ಬೆರಳಲ್ಲಿ ಸವರಿದಳು. ಶೀಟಿನ ಜೊತೆ ಬೆರಳು ಹೋಯಿತು, ಬೆರಳಿನ ಜೊತೆ ಅಂಗೈ. ನಾನು ಕಂಬಿಯನ್ನು ಒತ್ತಿದೆ, ನೇತುಬಿದ್ದೆ, ಗಂಟು ಅಲುಗಲಿಲ್ಲ. ಪಟಾಕಿ ಗೋಡೆಯ ತನಕ ಓಡಿ ಸ್ವಿಚ್ಚು ಆರಿಸುವವರೆಗೂ ಅದು ತಿರುಗುತ್ತಲೇ ಇತ್ತು. ಆ ವಾಸನೆ ಇವತ್ತಿಗೂ ನನ್ನ ಅನ್ನದಲ್ಲಿ ಬರುತ್ತದೆ.

ಧಣಿ ಆಸ್ಪತ್ರೆಯಲ್ಲಿ ಏನು ಬರೆಸಿದರು ಗೊತ್ತೇ? ಅವಳು ನಮ್ಮ ಕೆಲಸದವಳೇ ಅಲ್ಲ, ಅತ್ತಿಗೆಗೆ ಬುತ್ತಿ ಕೊಡಲು ಬಂದವಳು ಮುಟ್ಟಬಾರದ್ದನ್ನು ಮುಟ್ಟಿದಳು ಎಂದು. ಕೆಲಸದವಳು ಎನ್ನಲು ಅವಳ ಬಳಿ ಏನಿತ್ತು, ಆ ಕೈಯೊಂದನ್ನು ಬಿಟ್ಟು? ಈಗ ಮನೆಯಲ್ಲಿ ಒಂದೇ ಕೈಯಲ್ಲಿ ಬೇಳೆ ಆರಿಸುತ್ತಾಳೆ. ಅವಳ ಜಡೆಯನ್ನು ನನ್ನ ಮಗಳು ಹೆಣೆಯುತ್ತಾಳೆ. ಖಾಲಿಯಾದ ಜಾಗಕ್ಕೆ ಧಣಿ ಮಗಳನ್ನು ಕೇಳಿದಾಗ ನಾನು ಆಗೋದಿಲ್ಲ ಎಂದೆ. ಹಾಗಾದರೆ ನೀನೂ ನಾಳೆಯಿಂದ ಬರಬೇಡ ಎಂದರು. ಅಂದಿನಿಂದ ನನ್ನ ಕೈ ನನ್ನ ಮೂಲೆಯಲ್ಲಿದ್ದರೆ ಕಣ್ಣು ಅವಳ ಬೆರಳ ಮೇಲೆ. ನಿದ್ದೆಯಲ್ಲೂ ಅವಳ ಬೆರಳು ತಡವಿ ನೋಡುತ್ತೇನೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ನನಗೆ ಭಯ, ಬೆಳಗಾದರೆ ಭಯ.

ಮಾರನೆಯ ದಿನ ಅಧಿಕಾರಿ ಬಂದರು. ವಯಸ್ಸಾದವರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ನೆನ್ನೆಯ ತನಕ ನನ್ನನ್ನು ಏಯ್ ಎನ್ನುತ್ತಿದ್ದ ಧಣಿ ಇವತ್ತು ಅಕ್ಕಾ ಎಂದರು. ಬೈದರೆ ತಡೆದುಕೊಳ್ಳಬಹುದು, ಇದನ್ನು ಹೇಗೆ ತಡೆಯುವುದು? ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಅಧಿಕಾರಿ ಕೇಳಿದರು. ದೇವರ ದಯ, ಒಂದು ಗೀರೂ ಇಲ್ಲ ಎಂದರು ಧಣಿ. ಮಗಳು ನನ್ನ ಕಡೆ ನೋಡಿದಳು. ನೋಡಬೇಡ ಎಂದು ಕಣ್ಣಲ್ಲೇ ಗದರಿದೆ.

ರೋಲರ್ ಶುರುವಾಯಿತು. ಕಂಬಿ ಹಾವೇನೋ ಎಂಬಂತೆ ಕೈ ದೂರ ಹಿಡಿದು ಶೀಟು ಕೊಟ್ಟೆವು. ಎಷ್ಟು ಹೊತ್ತು ಆದೀತು? ಮೊದಲು ಮಗಳ ಮುಂಗೈ ಊರಿತು, ಮಷೀನು ನಿಂತಿತು. ಹೊಸ ಹುಡುಗಿ ಎಂದು ಧಣಿ ನಕ್ಕರು. ಮತ್ತೆ ಶುರು. ಈ ಸಲ ನನ್ನ ಕೈ. ಇವಳೂ ಹೊಸಬಳೇ ಎನ್ನುವಂತಿರಲಿಲ್ಲ, ನನ್ನ ಎದೆಯ ಮೇಲೆ ಸಮಿತಿಯ ಬಿಲ್ಲೆ ಇತ್ತು. ಗಂಟುಮೋರೆ ಹಿಂದಿನಿಂದ ನನ್ನ ಸೊಂಟಕ್ಕೆ ತಿವಿದ.

ಅಧಿಕಾರಿ ಹತ್ತಿರ ಬಂದರು.

“ಏನಮ್ಮಾ, ಗೊತ್ತಿದ್ದೂ ಗೊತ್ತಿದ್ದೂ ಅದ್ರ ಮೇಲೇ ಯಾಕೆ ಕೈ ಇಡ್ತೀರಿ?”

ಧಣಿ ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದರು. ಕಲಿಸಿದ ಉತ್ತರಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

“ಅಭ್ಯಾಸ ಸಾರ್,” ಎಂದೆ. “ಇಷ್ಟು ವರ್ಷ ಅದು ನಿಂತಿದ್ದೇ ಇಲ್ಲ.”

ಬಾಯಿ ಜಾರಿತೋ, ನಾನೇ ಹೇಳಿದೆನೋ, ಈಗಲೂ ತಿಳಿಯದು. ಅಧಿಕಾರಿ ತಲೆ ಎತ್ತಿದರು. ಕೊಕ್ಕೆಯಲ್ಲಿ ಹರಿದ ಪಟ್ಟಿಯ ಒಂದು ಎಳೆ ಇನ್ನೂ ನೇತಾಡುತ್ತಿತ್ತು. ಅದನ್ನು ಕಂಡರು, ಆಣೆ ಮಾಡಿ ಹೇಳುತ್ತೇನೆ, ಕಂಡರು. ಈಗ ಕೇಳುತ್ತಾರೆ, ಕೇಳಿದರೆ ನಾದಿನಿಯ ಕಥೆ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಕಂಬಿ ಚೆನ್ನಾಗಿ ಕೆಲಸ ಮಾಡ್ತಿದೆ. ಮುಟ್ಟಿದ್ರೆ ಸಾಕು, ನಿಲ್ತದೆ,” ಎಂದು ಧಣಿಗೆ ಹೇಳಿ ಬರೆದುಕೊಂಡರು. ಟೀ ಕೆಳಗೆ ಕಾಯುತ್ತಿತ್ತು, ಇಳಿದು ಹೋದರು.

ಅವರ ಕಾರು ಗೇಟು ದಾಟಿದ ಸದ್ದಿಗೆ ಕಾನೂನು ಸಾಹೇಬ ಕೈಗವಸುಗಳನ್ನು ಚೀಲಕ್ಕೆ ತುಂಬಿಕೊಂಡ. ನನ್ನ ಬಿಲ್ಲೆ ಕಿತ್ತುಕೊಂಡ, ಮೇಲಂಗಿಯಲ್ಲಿ ತೂತು ಉಳಿಯಿತು. ನಾವು ಎಂದಿನಂತೆ ಶೀಟು ಕೊಡಲು ಶುರು ಮಾಡಿದ್ದೆವು. ಗಂಟುಮೋರೆ ಹೊಸ ಪಟ್ಟಿ ಹಿಡಿದು ಬಂದ. ಹಳೆಯದಕ್ಕಿಂತ ಅಗಲ.

“ನಿನ್ನ ನಾಲಿಗೆಗೆ ಧಣಿ ಆಮೇಲೆ ಪೂಜೆ ಮಾಡ್ತಾರೆ. ಸರಿ ಆಚೆ.”

ಮಗಳ ಬೆರಳು ಶೀಟಿನ ಅಂಚಿನಲ್ಲಿತ್ತು. ಅಂಚು ಸ್ವಲ್ಪ ಸುಕ್ಕಾಗಿತ್ತು. ಅವಳು ಅದನ್ನು ಸವರಲು ಬೆರಳು ಚಾಚಿದಳು, ಅವಳ ಸೋದರತ್ತೆ ಚಾಚಿದ ಹಾಗೆಯೇ.

ನಾನು ಎರಡೂ ಕೈ ಕಂಬಿಯ ಮೇಲೆ ಹಾಕಿ ಒತ್ತಿದೆ. ರೋಲರ್ ನಿಂತಿತು.

“ತೆಗಿ ಕೈ.”

“ಕಟ್ಟೋದಾದ್ರೆ ನನ್ನ ಕೈನೂ ಸೇರಿಸಿ ಕಟ್ಟಣ್ಣ.”

ಮಾತು ಗಟ್ಟಿಯಾಗಿ ಬರಲಿಲ್ಲ. ಕಂಬಿ ಹಿಡಿದದ್ದಕ್ಕೇ ನಿಂತಿದ್ದೆ. ಅವನು ಸೂಳೆ ಎಂದ, ಭುಜ ಹಿಡಿದು ಎಳೆದ. ಅಮ್ಮಾ ಬೇಡಮ್ಮಾ, ಕೆಲಸ ಹೋಗುತ್ತೆ ಎಂದು ಮಗಳು ಅಳತೊಡಗಿದಳು. ಅಳುತ್ತಲೇ ಶೀಟು ಬಿಟ್ಟು ನನ್ನ ಕೈಯ ಪಕ್ಕ ತನ್ನ ಕೈ ಇಟ್ಟಳು. ಬೆಚ್ಚಗಿತ್ತು, ಎಲ್ಲ ಬೆರಳೂ ಇದ್ದವು. ಆ ಕಡೆಯಿಂದ ಪಟಾಕಿ ಸುತ್ತಿಕೊಂಡು ಬಂದಳು. ಅವಳು ಮಾತಾಡದೆ ಇದ್ದದ್ದನ್ನು ನಾನು ಕಂಡದ್ದು ಅವತ್ತೇ. ಅವಳೂ ಕೈ ಇಟ್ಟಳು.

ಧಣೀ ಎಂದು ಗಂಟುಮೋರೆ ಕೆಳಗೆ ಕೂಗಿದ. ಮೆಟ್ಟಿಲ ಮೇಲೆ ಬೂಟಿನ ಸದ್ದು ಏರತೊಡಗಿತು. ಒಳಗೆ ಸಿಕ್ಕಿದ್ದ ಶೀಟು ಹಳದಿಯಾಯಿತು, ಕಂದಾಯಿತು, ಹೊಗೆ ಎದ್ದಿತು. ಅದೇ ಕಮಟು ವಾಸನೆ. ಈ ಸಲ ಸುಡುತ್ತಿದ್ದದ್ದು ಬಟ್ಟೆ ಮಾತ್ರ. ನಾವು ಕೈ ತೆಗೆಯಲಿಲ್ಲ.