ರಸ್ತೆಯ ಬಾಬ್ತು

ಮಾರ್ಚ್ ತಿಂಗಳಲ್ಲಿ ಜಪಾನಿನ ಯಾವ ಊರಿಗೇ ಹೋಗಿ, ರಸ್ತೆ ಅಗೆಯುತ್ತಿರುತ್ತಾರೆ. ಮೂವತ್ತೊಂದನೇ ತಾರೀಖಿನೊಳಗೆ ಬಜೆಟ್ಟಿನ ದುಡ್ಡು ಖಾಲಿಯಾಗಬೇಕು. ಉಳಿಸಿದರೆ ಮರುವರ್ಷ ಅಷ್ಟು ಕಡಿಮೆ ಕೊಡುತ್ತಾರೆ. ಹೀಗೆ ಸಂಸಾರ ಮಾಡುವ ಸೊಸೆಯನ್ನು ಅತ್ತೆ ಹೊರಗೆ ಹಾಕುತ್ತಾಳೆ, ಸರಕಾರದಲ್ಲಾದರೆ ಬಡ್ತಿ ಸಿಗುತ್ತದೆ.

ಆ ವರ್ಷ ನಮ್ಮ ಬೆಟ್ಟದೂರಿನಲ್ಲಿ ಹಿಮ ಬಿದ್ದದ್ದೇ ಕಡಿಮೆ. ಹಿಮ ತೆಗೆಸಲು ಇಟ್ಟಿದ್ದ ದುಡ್ಡು ಹಾಗೇ ಉಳಿಯಿತು. ಅದೇ ಹೊತ್ತಿಗೆ, ಏಪ್ರಿಲ್‌ನಿಂದ ಬಸ್ಸು ಓಡುವುದಿಲ್ಲ ಎಂದು ಪುರಸಭೆಯವರು ಚೀಟಿ ಅಂಟಿಸಿದರು. ನನ್ನ ಗಂಡ ತೋಕುಜಿಗೆ ಮೂತ್ರಪಿಂಡ ಕೆಟ್ಟಿತ್ತು. ವಾರಕ್ಕೆ ಮೂರು ಸಲ ಪೇಟೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಆಸ್ಪತ್ರೆಯ ವ್ಯಾನು ಬೆಟ್ಟ ಹತ್ತುವುದಿಲ್ಲ, ಕಾರು ಓಡಿಸಲು ನನಗೆ ಬರುವುದಿಲ್ಲ.

ಚೀಟಿ ಓದಿದವಳೇ ನನ್ನ ಕ್ಷೌರದಂಗಡಿಗೆ ಬೀಗ ಹಾಕಿ ಪುರಸಭೆಗೆ ನಡೆದೆ. ಹಣಕಾಸು ವಿಭಾಗದ ಇಸೊಗಾಯ್ ಚಿಕ್ಕಂದಿನಿಂದ ನನ್ನ ಕೈಯಲ್ಲೇ ಕೂದಲು ಕತ್ತರಿಸಿಕೊಂಡವನು.

"ಬನ್ನಿ ಹಿಸಾನೊ ಅಕ್ಕ, ಕೂತ್ಕೊಳ್ಳಿ," ಎಂದ.

"ಕೂರೋಕೆ ಬಂದಿಲ್ಲ ಕಣೋ. ಹಿಮದ ದುಡ್ಡು ಉಳಿದಿದ್ಯಂತಲ್ಲ, ಅದನ್ನ ಬಸ್ಸಿಗೆ ಹಾಕು."

"ಅದು ರಸ್ತೆ ಬಾಬ್ತು ಅಕ್ಕ, ರಸ್ತೆಗೇ ಖರ್ಚಾಗ್ಬೇಕು. ಬಸ್ಸಿನ ಬಾಬ್ತೇ ಬೇರೆ. ಅದ್ರಲ್ಲಿ ಕಾಸಿಲ್ಲ."

"ಬಸ್ಸೇನು ಗಾಳೀಲಿ ಹೋಗತ್ತಾ? ರಸ್ತೆ ಮೇಲೇ ತಾನೇ ಹೋಗೋದು?"

ಪಕ್ಕದ ಮೇಜಿನ ಗುಮಾಸ್ತೆ ನಗು ತಡೆಯಲಾರದೆ ಬಾಯಿಗೆ ಕೈ ಹಿಡಿದಳು. ಇಸೊಗಾಯ್ ನಗಲಿಲ್ಲ.

"ಅಲ್ಲಿಂದ ತೆಗೆದು ಇಲ್ಲಿ ಹಾಕಿದ್ರೆ ಲೆಕ್ಕ ತಪಾಸಣೆಯವರು ನನ್ನ ಕತ್ತು ಹಿಡೀತಾರೆ. ಪುರಸಭೆ ಸದಸ್ಯರು ಒಪ್ಪಬೇಕು, ಅವರ ಸಭೆ ಇನ್ನು ಜೂನ್‌ಗೇ. ಆಗ ಬಸ್ಸು ತರಿಸ್ತೀನಿ. ಅಲ್ಲೀವರೆಗೂ ತೋಕುಜಿ ಅಣ್ಣನಿಗೆ ನನ್ನ ಕೈಲಾದ್ದು ಮಾಡ್ತೀನಿ, ನೋಡ್ತಿರಿ."

ಮಾಡಿದ. ಮಾರ್ಚ್ ಕೊನೆಯ ವಾರ ನಮ್ಮಂಗಡಿ ಎದುರಿನ ಬಸ್ ನಿಲ್ದಾಣ ಕೆಡವಿ ಹೊಸದು ಕಟ್ಟಿಸಿದ. ಗಾಜಿನ ಗೋಡೆ, ಮರದ ಬೆಂಚು, ಕೂತವರ ಕಾಲಿಗೆ ಬಿಸಿಗಾಳಿ ಬಿಡುವ ಯಂತ್ರ. ನಿಲ್ದಾಣ ರಸ್ತೆ ಬಾಬ್ತಿಗೆ ಸೇರುತ್ತದಂತೆ. ಬಸ್ಸು ಮತ್ತೆ ಶುರುವಾದಾಗ ಅಣ್ಣ ಚಳಿಯಲ್ಲಿ ಕಾಯಬಾರದು ಎಂದ. ಅವನ ಮುಖ ನೋಡಿ ಬೈಯಲೂ ಆಗಲಿಲ್ಲ.

ಏಪ್ರಿಲ್ ಪೂರ್ತಿ ಟ್ಯಾಕ್ಸಿ ಹಿಡಿದೆವು. ನಾನು ದುಡಿದದ್ದೆಲ್ಲ ಮೀಟರಿಗೇ ಸಾಲಲಿಲ್ಲ. ಅಂಗಡಿ ಬಾಡಿಗೆ ಬಾಕಿ ಬಿತ್ತು. ಮೇ ತಿಂಗಳಲ್ಲಿ ತೋಕುಜಿ, "ವಾರಕ್ಕೆ ಎರಡು ಸಲ ಸಾಕು ಬಿಡೆ. ನೀರು ಕಡಿಮೆ ಕುಡಿದ್ರಾಯ್ತು," ಎಂದರು.

"ನಿಮ್ಮ ತಲೆ. ಡಾಕ್ಟ್ರು ನೀವಾ, ಅವರಾ?"

ಬೈದೆ, ಅತ್ತುಬಿಟ್ಟೆ, ಟ್ಯಾಕ್ಸಿ ಕರೆಸಿ ಬಾಗಿಲಲ್ಲಿ ನಿಲ್ಲಿಸಿದೆ. ಅವರು ಹತ್ತಲಿಲ್ಲ, ಡ್ರೈವರನ ಕ್ಷಮೆ ಕೇಳಿ ವಾಪಸ್ಸು ಕಳಿಸಿದರು. ನಾನು ಗಿರಾಕಿಗಳ ಕೂದಲು ಕತ್ತರಿಸುವಾಗ ಎದುರಿನ ಆ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದರು. ಜೂನ್ ಸಭೆಗೆ ಮುಂಚೆಯೇ ಒಂದು ಬೆಳಿಗ್ಗೆ, ಗಾಜಿಗೆ ಒರಗಿ ಕೂತಿದ್ದವರು ಕರೆದರೆ ಏಳಲಿಲ್ಲ.

ಏಳನೆಯ ದಿನದ ಪೂಜೆಗೆ ಇಸೊಗಾಯ್ ಕಪ್ಪು ಟೈ ಕಟ್ಟಿಕೊಂಡು ಬಂದ. ಧೂಪ ಹಚ್ಚಿ ತಲೆ ಬಾಗಿಸಿದ. ಆಮೇಲೆ ಒಂದು ಕಾಗದವನ್ನು ಎರಡೂ ಕೈಯಲ್ಲಿ ನನ್ನ ಮುಂದಿಟ್ಟ.

"ಅಂತ್ಯಕ್ರಿಯೆಗೆ ಅಂತ ಆರೋಗ್ಯ ವಿಮೆಯಿಂದ ಐವತ್ತು ಸಾವಿರ ಯೆನ್ ಕೊಡ್ತೀವಿ ಅಕ್ಕ. ಇಲ್ಲಿ ನಿಮ್ಮ ಹೆಸರಿನ ಮುದ್ರೆ ಒತ್ತಿ. ಏನು ಮಾಡಿದ್ರಿ ಅಂತ ಯಾರೂ ಲೆಕ್ಕ ಕೇಳಲ್ಲ. ಯಾವುದಕ್ಕೆ ಬೇಕಾದ್ರೂ ಖರ್ಚು ಮಾಡ್ಬಹುದು."

"ಟ್ಯಾಕ್ಸಿಗೂ ಆಗತ್ತಾ?" ಎಂದು ಕೇಳಿದೆ.

ಅವನು ಶಾಯಿ ಡಬ್ಬಿ ತೆರೆದು ನನ್ನ ಕಡೆ ಸರಿಸಿದ. ನಾನು ಮುದ್ರೆ ಒತ್ತಿದೆ.